ಹಿಂದಿನಿಂದ ಬಿದ್ದ ಏಟು

ಹೆಗ್ಗನಹಳ್ಳಿಯ ಲಿಂಗಮ್ಮನನ್ನು ರಾಜಾಜಿನಗರದ ಹೊಸ ಮನೆಗಳಲ್ಲಿ ಗೊತ್ತಿಲ್ಲದವರು ಕಡಿಮೆ. ಐವತ್ತೆಂಟನೇ ಇಸವಿಯ ಮಾತು. ಆಗಿನ್ನೂ ರಾಜಾಜಿನಗರ ಅರ್ಧ ಊರು, ಅರ್ಧ ಬಯಲು. ಒಂದು ಸಾಲಿನಲ್ಲಿ ತಾರಸಿ ಮನೆಗಳು ಎದ್ದು ನಿಂತಿದ್ದರೆ ಅದರ ಹಿಂದಿನ ಸಾಲಿನಲ್ಲಿ ಬರೀ ಪಾಯದ ಗುಂಡಿಗಳು, ಕಲ್ಲಿನ ರಾಶಿಗಳು, ಅವುಗಳ ಮಧ್ಯೆ ಮೇಯುವ ಎಮ್ಮೆಗಳು. ಲಿಂಗಮ್ಮ ಬೆಳಗಾಗುತ್ತಿದ್ದಂತೆ ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಹಾಲಿನ ಕ್ಯಾನು ಹೊತ್ತು ಊರು ಬಿಡುವಳು. ಹಾಲಿಗೆ ನೀರು ಬೆರೆಸುವವಳಲ್ಲ ಎಂಬ ಹೆಸರಿತ್ತು. ಮಾತು ಸ್ವಲ್ಪ ಜಾಸ್ತಿ ಎಂಬ ಹೆಸರೂ ಇತ್ತು. ಯಾರ ಮನೆಯ ಬಾಣಂತಿಗೆ ಹಾಲು ಬತ್ತಿದೆ, ಯಾರ ಮನೆಯ ಬಾವಿಯಲ್ಲಿ ನೀರು ಬಂತು, ಎಲ್ಲವೂ ಅವಳ ಬಾಯಿಂದ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾಟುತ್ತಿತ್ತು.

ಆ ಮಾತುಗಾತಿ ಆ ವರ್ಷ ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ಮೌನಿಯಾದಳು.

ಕಾರಣ ಅವಳ ಗಂಡ ಮತ್ತು ಅವಳ ಅಣ್ಣ. ಗಂಡ ಕೃಷ್ಣಪ್ಪ ಹೆಗ್ಗನಹಳ್ಳಿಯವನು. ಅಣ್ಣ ಮುನಿವೆಂಕಟಪ್ಪ ಪಕ್ಕದ ಸುಂಕದಕಟ್ಟೆಯಲ್ಲಿ, ಅವಳ ತವರುಮನೆಯಲ್ಲೇ ಇದ್ದವನು. ಇಬ್ಬರಿಗೂ ಹೊಲವಿತ್ತು, ಇಬ್ಬರಿಗೂ ಒಂದೊಂದು ಎತ್ತಿನ ಗಾಡಿಯಿತ್ತು. ಹೊಲದ ಕೆಲಸ ಇಲ್ಲದಾಗ ಇಬ್ಬರೂ ಜೊತೆಯಾಗಿ ರಾಜಾಜಿನಗರದ ಮನೆಗಳ ಪಾಯಕ್ಕೆ ಗಾಡಿಯಲ್ಲಿ ಸೈಜುಗಲ್ಲು ಸಾಗಿಸುತ್ತಿದ್ದರು. ಚಿಕ್ಕಂದಿನಿಂದ ಒಂದೇ ಕೆರೆಯಲ್ಲಿ ಈಜಿದವರು. ಲಿಂಗಮ್ಮನನ್ನು ಕೃಷ್ಣಪ್ಪನಿಗೆ ಕೊಡಬೇಕೆಂದು ಹಟ ಹಿಡಿದು ಮದುವೆ ಮಾಡಿಸಿದವನೂ ಮುನಿವೆಂಕಟಪ್ಪನೇ.

ಆದರೆ ಹಿಂದಿನ ವರ್ಷ ಒಂದು ಬಿರುಕು ಬಿದ್ದಿತ್ತು. ಮುನಿವೆಂಕಟಪ್ಪನ ಮಗಳು ಸೀತಾಳನ್ನು ತನ್ನ ಹಿರಿಮಗನಿಗೆ ತಂದುಕೊಳ್ಳಬೇಕೆಂದು ಕೃಷ್ಣಪ್ಪನ ಆಸೆ. ಸೋದರತ್ತೆಯ ಮನೆ, ಕೇಳುವ ಹಕ್ಕೂ ಇತ್ತು. ಮುನಿವೆಂಕಟಪ್ಪ ಇನ್ನೇನು ಹೂಂ ಅಂದ ಎನ್ನುವಷ್ಟರಲ್ಲಿ ಕೆಂಗೇರಿಯಿಂದ ರೈಲ್ವೆ ನೌಕರಿಯ ಹುಡುಗನ ಸಂಬಂಧ ಬಂತು, ಹುಡುಗಿಯೂ ಒಪ್ಪಿದಳು, ಮದುವೆ ಅಲ್ಲಿಗೇ ಆಯಿತು. ಕೃಷ್ಣಪ್ಪ ಮದುವೆಗೆ ಹೋಗಿ, ಊಟ ಮಾಡಿ, ಏನೂ ಅನ್ನದೆ ಎದ್ದು ಬಂದ. ಆಮೇಲೆ ಬಹಳ ದಿನ ಭಾವನ ಜೊತೆ ಮಾತು ಬಿಟ್ಟ. ಗಾಡಿ ಹೊಡೆಯುವಾಗ ಇಬ್ಬರೂ ಹಿಂದೆ ಮುಂದೆ ಹೋಗುತ್ತಿದ್ದರೂ ಮಾತೆಲ್ಲ ಎತ್ತುಗಳ ಜೊತೆಯೇ. ಈಚೆಗೆ ಒಂದೊಂದು ಮಾತು ಶುರುವಾಗಿತ್ತು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ಲಿಂಗಮ್ಮ ಒಳಗೊಳಗೇ ನಿಟ್ಟುಸಿರು ಬಿಡುತ್ತಿದ್ದ ಕಾಲಕ್ಕೇ ಆ ಹಳ್ಳದ ಘಟನೆ ನಡೆಯಿತು.

ರಾತ್ರಿಯೆಲ್ಲ ಮಳೆ ಸುರಿದು, ರಾಜಾಜಿನಗರಕ್ಕೆ ಹೋಗುವ ಹಳ್ಳದ ದಾರಿ ಕೊಚ್ಚೆಯಾಗಿತ್ತು. ಕೃಷ್ಣಪ್ಪನ ಗಾಡಿ ಕಲ್ಲು ಹೇರಿಕೊಂಡು ಇಳಿದದ್ದು ಮೇಲೆ ಹತ್ತಲಿಲ್ಲ. ಬಲಗಡೆಯ ಗಾಲಿ ಅರ್ಧ ಹೂತು ಹೋಯಿತು. ಹಿಂದೆ ಬರುತ್ತಿದ್ದ ಮುನಿವೆಂಕಟಪ್ಪ ತನ್ನ ಗಾಡಿ ನಿಲ್ಲಿಸಿ, ಪಂಚೆ ಎತ್ತಿಕಟ್ಟಿ, ಗಾಡಿಯ ಹಿಂಬದಿಗೆ ಹೆಗಲು ಕೊಟ್ಟ. ಇಬ್ಬರು ಕೂಲಿಯವರು ಮುಂದೆ ಎತ್ತುಗಳನ್ನು ಹಿಡಿದರು. ಕೃಷ್ಣಪ್ಪ ಗಾಲಿಯ ಬುಡಕ್ಕೆ ತೂರಿಸಿ ಮೀಟಲು ಹಾರೆ ತೆಗೆದುಕೊಂಡು ಹಿಂದಿನಿಂದ ಬಂದ. ಮುನಿವೆಂಕಟಪ್ಪ ಎಡಗಾಲನ್ನು ಹಿಂದಕ್ಕೆ ಊರಿ, ಮೊಣಕಾಲು ಸೆಟೆಸಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ತಳ್ಳಿದ. ಆಗ ಟಪ್ ಎಂದು ಒಂದು ಶಬ್ದ. ಮುಂದೆ ಎತ್ತು ಹಿಡಿದಿದ್ದವರಿಗೂ ಕೇಳಿಸಿತು. ಮುನಿವೆಂಕಟಪ್ಪನಿಗೆ ಹಿಮ್ಮಡಿಯ ಮೇಲ್ಗಡೆ ಯಾರೋ ದೊಣ್ಣೆಯಿಂದ ಬೀಸಿ ಹೊಡೆದ ಹಾಗಾಯಿತು. ಅಯ್ಯೋ ಎಂದು ಕುಸಿಯುತ್ತ ಹಿಂದೆ ತಿರುಗಿ ನೋಡಿದ. ಅಲ್ಲಿ ಹಾರೆ ಹಿಡಿದು ಕೃಷ್ಣಪ್ಪ ನಿಂತಿದ್ದ.

ಸಂಜೆಯೊಳಗೆ ಎರಡೂ ಊರಿಗೆ ಸುದ್ದಿ ಹಬ್ಬಿತು. ಹೆಣ್ಣು ಕೊಡಲಿಲ್ಲವೆಂಬ ಸಿಟ್ಟಿಗೆ ಕೃಷ್ಣಪ್ಪ ಭಾವನ ಕಾಲಿಗೆ ಹಾರೆಯಿಂದ ಹೊಡೆದನಂತೆ. ಅದೂ ಅವನು ಇವನದೇ ಗಾಡಿ ತಳ್ಳುತ್ತಿದ್ದಾಗ, ಹಿಂದಿನಿಂದ.

ಕೃಷ್ಣಪ್ಪ ಮನೆಗೆ ಬಂದವನು ಎತ್ತು ಬಿಚ್ಚಿ, ಕೈಕಾಲು ತೊಳೆದು, ಲಿಂಗಮ್ಮ ಕೇಳುವ ಮೊದಲೇ, "ನಾನು ಹೊಡೀಲಿಲ್ಲ" ಅಂದ. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಸುಂಕದಕಟ್ಟೆಯ ಅರಳಿಕಟ್ಟೆಯ ಮೇಲೆ ಹಿರಿಯರು ಕೂತರು. ಪಟೇಲರ ವಂಶದ ತಿಮ್ಮಯ್ಯ, ವಯಸ್ಸಾದವರು, ಎರಡೂ ಊರಿಗೆ ಬೇಕಾದವರು, ನ್ಯಾಯ ಕೇಳಿದರು. ಕೂಲಿಯವರು ಶಬ್ದ ಕೇಳಿದ್ದೇವೆ, ಹೊಡೆದದ್ದು ಕಂಡಿಲ್ಲ ಎಂದರು. ಕೃಷ್ಣಪ್ಪ ಹೊಡೆದಿಲ್ಲ ಎಂದ. ಹಾಗಾದರೆ ದೇವಸ್ಥಾನದಲ್ಲಿ ಕರ್ಪೂರ ಆರಿಸಿ ಆಣೆ ಮಾಡಿಬಿಡು, ಇಲ್ಲಿಗೆ ಮುಗೀತದೆ ಎಂದು ತಿಮ್ಮಯ್ಯ ಹೇಳಿದರು. ಕೃಷ್ಣಪ್ಪ ಆಣೆ ಮಾಡುವುದಿಲ್ಲ ಎಂದು ಹೇಳಿ ಹೊರಟುಬಂದ. ಅವತ್ತಿನವರೆಗೂ ಅವನ ಪರವಾಗಿದ್ದ ನಾಲ್ಕು ಜನವೂ ಅವತ್ತು ತಿರುಗಿಬಿದ್ದರು.

ಲಿಂಗಮ್ಮ ತಿರುಗಿಬೀಳಲಿಲ್ಲ. ಆದರೆ ಅವಳೊಳಗೆ ಏನೋ ಒಂದು ಅಲುಗಾಡಿತು. ಗಂಡ ಕೋಪಿಷ್ಠನೇನಲ್ಲ, ಆದರೂ ಒಂದು ಸಲ ಹೋರಿಯ ಮೇಲೆ ಸಿಟ್ಟಾಗಿ ಬಾರುಕೋಲು ಎಸೆದದ್ದನ್ನು ಅವಳು ನೋಡಿದ್ದಳು. ಸೀತಾಳ ಮದುವೆಯ ದಿನ ಅವನ ಮುಖ ಹೇಗಿತ್ತೆಂಬುದನ್ನೂ ನೋಡಿದ್ದಳು. ಕೊಟ್ಟಿಗೆಗೆ ಹೋದಾಗಲೆಲ್ಲ ಮೂಲೆಗೆ ಒರಗಿಸಿದ್ದ ಹಾರೆಯ ಕಡೆ ಅವಳಿಗೆ ತಿಳಿಯದೆಯೇ ಕಣ್ಣು ಹೋಗುತ್ತಿತ್ತು. ಆಣೆ ಮಾಡಲು ಏನಾಗಿತ್ತು ಇವನಿಗೆ ಎಂಬ ಪ್ರಶ್ನೆ ಹಾಲು ಕರೆಯುವಾಗ, ಮುದ್ದೆ ತೊಳಸುವಾಗ, ರಾಜಾಜಿನಗರದ ದಾರಿಯುದ್ದಕ್ಕೂ ಅವಳ ಜೊತೆಗೇ ಬರುತ್ತಿತ್ತು. ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಕೇಳಿದರೆ, ನಂಬಿಲ್ಲ ಎಂದು ಹೇಳಿದ ಹಾಗಾಗುತ್ತದೆ. ಕೇಳದಿದ್ದರೆ ಈ ಉರಿ.

ಅಣ್ಣನನ್ನು ನೋಡಲು ಹೋದಳು. ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಮೂಳೆ ಕಟ್ಟುವವನು ಬಂದು, ಮೂಳೆ ಮುರಿದಿಲ್ಲ, ಉಳುಕು ಅಷ್ಟೇ ಎಂದು ಕೋಳಿಮೊಟ್ಟೆ, ಉದ್ದಿನಹಿಟ್ಟು ಮೆತ್ತಿ, ಬಿದಿರ ದಬ್ಬೆ ಇಟ್ಟು ಕಟ್ಟಿ ಹೋಗಿದ್ದ. ಮುನಿವೆಂಕಟಪ್ಪ ತಂಗಿಯ ಮುಖ ನೋಡದೆ, ಅವನ ಮನೆಯ ಅನ್ನ ತಿನ್ನುವವಳು ಈ ಹೊಸ್ತಿಲು ತುಳಿಯುವುದು ಬೇಡ ಎಂದ. ಅತ್ತಿಗೆ ಚಿಕ್ಕಲಕ್ಷ್ಮಮ್ಮ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾದ್ರಪದ ಬಂತು, ಗೌರಿಹಬ್ಬ ಬಂತು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದ ತವರಿನ ಬಾಗಿನ ಆ ವರ್ಷ ಬರಲಿಲ್ಲ.

ಅತ್ತಿಗೆ ಒಳ್ಳೆಯವಳು. ಸುಂಕದಕಟ್ಟೆಯ ಬಾವಿಯ ಹತ್ತಿರ ಲಿಂಗಮ್ಮನಿಗೆ ಕಾದಿದ್ದು ಗುಟ್ಟಾಗಿ ಸುದ್ದಿ ಹೇಳುವಳು. ಕಟ್ಟು ಬಿಚ್ಚಿದ್ದಾಯಿತು, ಊತ ಇಳಿಯಿತು, ನೋವೂ ಅಷ್ಟಿಲ್ಲ, ಪಾದ ಮೇಲೆ ಕೆಳಗೆ ಆಡಿಸುತ್ತಾರೆ, ಆದರೂ ನಡಿಗೆ ಬರುತ್ತಿಲ್ಲ. ಕೋಲು ಬೇಕೇ ಬೇಕು. ದಿಬ್ಬ ಹತ್ತಲು ಆಗುವುದಿಲ್ಲ. ಒಂದು ದಿನ ಲಿಂಗಮ್ಮ ದೂರದಿಂದ ಅಣ್ಣ ನಡೆಯುವುದನ್ನು ನೋಡಿದಳು. ಬಲಗಾಲು ಸರಿಯಾಗಿಯೇ ಎದ್ದು ಬರುತ್ತಿತ್ತು. ಎಡಗಾಲನ್ನು ಮಾತ್ರ ಹೊರಕ್ಕೆ ತಿರುಗಿಸಿಕೊಂಡು, ಪಾದವನ್ನು ಇಡಿಯಾಗಿ ಎತ್ತಿ ಇಡಿಯಾಗಿ ಇಡುತ್ತಿದ್ದ, ಮರದ ಕಾಲನ್ನು ಎತ್ತಿಡುವ ಹಾಗೆ. ಗಟ್ಟಿಮುಟ್ಟಾಗಿ ಮೂಟೆ ಹೊರುತ್ತಿದ್ದ ಆಳು. ಇವನು ಹೀಗೇ ಕುಂಟನಾಗಿ ಉಳಿದರೆ ಎರಡು ಮನೆಗಳೂ ಈ ಜನ್ಮದಲ್ಲಿ ಕೂಡುವುದಿಲ್ಲ ಎಂದು ಅವಳಿಗೆ ಅವತ್ತೇ ಗೊತ್ತಾಯಿತು.

ಅವಳು ಹಾಲು ಹಾಕುತ್ತಿದ್ದ ಮನೆಗಳಲ್ಲಿ ಗಿರಿಜಾದೇವಿಯವರದೂ ಒಂದು. ದಾವಣಗೆರೆ ಕಡೆಯವರು, ಹೊಸದಾಗಿ ಬಂದು ನೆಲೆಸಿದವರು. ಅವರ ಯಜಮಾನರು ಡಾಕ್ಟರ್ ಚನ್ನವೀರಪ್ಪ, ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಮೂಳೆ ವಾರ್ಡಿನಲ್ಲಿದ್ದರು. ಲಿಂಗಮ್ಮನ ಮಾತು ನಿಂತುಹೋದದ್ದನ್ನು ಮೊದಲು ಗಮನಿಸಿದವರೇ ಗಿರಿಜಾದೇವಿ. ಒಂದು ಬೆಳಿಗ್ಗೆ ಪಾತ್ರೆ ಹಿಡಿದು ನಿಂತವರು, ಏನಾಗಿದೆ ನಿನಗೆ ಎಂದು ಬಿಡದೆ ಕೇಳಿದರು. ಲಿಂಗಮ್ಮ ಗಂಡನ ವಿಷಯ ಬಾಯಿ ಬಿಡಲಿಲ್ಲ. ಮನೆಯ ಮಾನದ ಪ್ರಶ್ನೆ. ಅಣ್ಣನಿಗೆ ಗಾಡಿ ತಳ್ಳುವಾಗ ಕಾಲು ಉಳುಕಿತು, ಎಷ್ಟು ದಿನವಾದರೂ ನಡೆಯಲು ಆಗುತ್ತಿಲ್ಲ, ಹಿಮ್ಮಡಿಯೇ ಮೇಲೇಳುವುದಿಲ್ಲ ಎಂದಷ್ಟೇ ಹೇಳಿದಳು. ಗಿರಿಜಾದೇವಿ ಒಳಗೆ ಹೋಗಿ ಬಂದು, ಭಾನುವಾರ ಕರಕೊಂಡು ಬಾ, ಇವರು ಮನೆಯಲ್ಲೇ ನೋಡುತ್ತಾರಂತೆ ಎಂದರು.

ಕರೆತರುವ ಕೆಲಸ ಅತ್ತಿಗೆಯ ಪಾಲಿಗೆ ಬಿತ್ತು. ಯಾರು ಹೇಳಿದ್ದು ಎಂದು ತಿಳಿದರೆ ಮುನಿವೆಂಕಟಪ್ಪ ಬರುತ್ತಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಅದನ್ನು ಹೇಳಲೇ ಇಲ್ಲ. ಭಾನುವಾರ ಬಿಸಿಲೇರುವ ಹೊತ್ತಿಗೆ ಗಾಡಿ ಬಂತು. ವರಾಂಡದ ಮೆಟ್ಟಿಲ ಬಳಿ ಕ್ಯಾನು ಇಟ್ಟುಕೊಂಡು ನಿಂತಿದ್ದ ತಂಗಿಯನ್ನು ನೋಡಿ ಮುನಿವೆಂಕಟಪ್ಪನ ಮುಖ ಗಂಟಿಕ್ಕಿತು. ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ದೊಡ್ಡವರ ಎದುರಿಗೆ ಅವನು ಏನೂ ಅನ್ನಲಾರದೆ ಸುಮ್ಮನಾದ.

ಚನ್ನವೀರಪ್ಪನವರು ಎತ್ತರದ ಆಳು, ಮೃದುವಾದ ಮಾತು. ಮೊದಲು ವರಾಂಡದಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಬಲಗಾಲೊಂದರ ಮೇಲೆ ನಿಂತು ತುದಿಗಾಲಿಗೆ ಏಳಿ ಎಂದರು. ಮುನಿವೆಂಕಟಪ್ಪ ಗೋಡೆ ಹಿಡಿದು ಎದ್ದ. ಈಗ ಎಡಗಾಲ ಮೇಲೆ ಎಂದರು. ಅವನು ಹಲ್ಲು ಕಚ್ಚಿದ, ಹೆಗಲು ಎತ್ತಿದ, ಬೆವರಿದ; ಹಿಮ್ಮಡಿ ನೆಲ ಬಿಡಲಿಲ್ಲ. ಆಮೇಲೆ ಬೆಂಚಿನ ಮೇಲೆ ಬೋರಲು ಮಲಗಿಸಿ, ಎರಡು ಪಾದಗಳೂ ಬೆಂಚಿನಾಚೆ ಇಳಿಬಿದ್ದಿರುವ ಹಾಗೆ ಮಾಡಿದರು. ಬಲಗಾಲಿನ ಮೀನಖಂಡವನ್ನು ಕೈತುಂಬ ಹಿಡಿದು ಹಿಸುಕಿದರು. ಹಿಸುಕಿದೊಡನೆ ಪಾದ ತಾನಾಗಿ ಅತ್ತ ಚಾಚಿಕೊಂಡಿತು, ಹಗ್ಗ ಎಳೆದ ಗೊಂಬೆಯ ಕಾಲಿನಂತೆ. ಎಡಗಾಲಿನ ಮೀನಖಂಡ ಹಿಸುಕಿದರು. ಪಾದ ಸುಮ್ಮನೆ ನೇತಾಡಿಕೊಂಡೇ ಇತ್ತು. ಮೆಟ್ಟಿಲ ಬಳಿ ನಿಂತಿದ್ದ ಲಿಂಗಮ್ಮನಿಗೂ ಅದು ಕಂಡಿತು.

ಡಾಕ್ಟರು ಹಿಮ್ಮಡಿಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ಬೆರಳು ಒಳಕ್ಕೆ ಇಳಿಯಿತು. ಅವರು ತಲೆಯಾಡಿಸಿ, ಕುರ್ಚಿ ಎಳೆದುಕೊಂಡು ಕೂತು ಕೇಳಿದರು:

"ಗೌಡ್ರೇ, ಒಂದ್ ಮಾತು ಕೇಳ್ತೀನಿ. ಇದು ಆದಾಗ ಹಿಂದಿನಿಂದ ಯಾರೋ ಹೊಡೆದಂಗೆ ಅನ್ನಿಸ್ತೇನು? ತಿರುಗಿ ನೋಡಿದ್ರಾ?"

ಮುನಿವೆಂಕಟಪ್ಪ ಬೋರಲು ಮಲಗಿದ್ದವನು ತಲೆ ಎತ್ತಿದ. ಈ ಮನೆಯಲ್ಲಿ ಯಾರಿಗೂ ಲಿಂಗಮ್ಮ ಆ ಮಾತು ಹೇಳಿರಲಿಲ್ಲ. ಅತ್ತಿಗೆಯ ಮುಖ ನೋಡಿದಳು. ಅತ್ತಿಗೆಯೂ ಇಲ್ಲ ಎಂದು ತಲೆಯಾಡಿಸಿದಳು.

"ನಿಮಗೆ ಯಾರು ಹೇಳಿದ್ರು ಸ್ವಾಮಿ?" ಎಂದ ಮುನಿವೆಂಕಟಪ್ಪ.

"ಯಾರೂ ಹೇಳಿಲ್ಲ. ಇದು ಆದವರೆಲ್ಲ ಅದನ್ನೇ ಹೇಳ್ತಾರೆ."

"ಅನ್ನಿಸೋದೇನು, ಹೊಡೆದದ್ದೇ. ಹೊಡೆದೋನು ಯಾರು ಅಂತಾನೂ ನನಗೆ ಗೊತ್ತು."

"ಯಾರೂ ಹೊಡೆದಿಲ್ಲ ಗೌಡ್ರೇ," ಎಂದರು ಡಾಕ್ಟರು. "ನಿಮ್ಮ ಕಾಲಿನ ಹುರಿ ತಾನಾಗೇ ಹರಿದಿದೆ."

ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಮೀನಖಂಡದ ಮಾಂಸವೆಲ್ಲ ಕೆಳಗೆ ಬರುತ್ತ ಬರುತ್ತ ಒಂದು ದಪ್ಪ ಹುರಿಯಾಗಿ ಹಿಮ್ಮಡಿಯ ಮೂಳೆಗೆ ಕಟ್ಟಿಕೊಂಡಿರುತ್ತದೆ. ನೀವು ನರ ಅನ್ನುತ್ತೀರಿ, ಅದು ನರವಲ್ಲ, ಮೈಯಲ್ಲಿರುವ ಹುರಿಗಳಲ್ಲೆಲ್ಲ ಗಟ್ಟಿಯಾದದ್ದು. ಬಾವಿಯ ಏತ ನೋಡಿದ್ದೀರಲ್ಲ, ಒಂದು ತುದಿ ಎಳೆದರೆ ಇನ್ನೊಂದು ತುದಿ ಮೇಲೇಳುತ್ತದೆ. ಪಾದವೂ ಹಾಗೆ ಒಂದು ಮೀಟುಗೋಲು. ಬೆರಳುಗಳ ಬುಡ ನೆಲಕ್ಕೆ ಊರಿಕೊಳ್ಳುತ್ತದೆ, ಮೀನಖಂಡ ಹುರಿ ಹಿಡಿದು ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ, ಇಡೀ ಮೈ ಎದ್ದು ಮುಂದಕ್ಕೆ ಹೋಗುತ್ತದೆ. ನಾವು ಇಡುವ ಒಂದೊಂದು ಹೆಜ್ಜೆಯೂ ಹೀಗೇ. ಸುಮ್ಮನೆ ನಡೆಯುವಾಗಲೇ ಮೈತೂಕಕ್ಕಿಂತ ಹೆಚ್ಚಿನ ಭಾರ ಆ ಹುರಿಯ ಮೇಲೆ ಬೀಳುತ್ತದೆ. ಇನ್ನು ಕಾಲನ್ನು ಹಿಂದಕ್ಕೆ ಚಾಚಿ, ಮೊಣಕಾಲು ಸೆಟೆಸಿ, ಕಲ್ಲಿನ ಗಾಡಿ ತಳ್ಳಿದರೆ ಕೇಳಬೇಕೇ. ಹಿಮ್ಮಡಿಯಿಂದ ಸ್ವಲ್ಪ ಮೇಲೆ ಅದಕ್ಕೆ ರಕ್ತ ಹರಿಯುವುದು ಕಡಿಮೆ. ನಡುವಯಸ್ಸು ದಾಟುತ್ತಿದ್ದ ಹಾಗೆ ಅಲ್ಲಿ ಎಳೆಗಳು ಸವೆದಿರುತ್ತವೆ. ಒಂದು ದಿನ ಪಟ್ಟನೆ ಹರಿಯುತ್ತದೆ.

ಮುನಿವೆಂಕಟಪ್ಪ ಸುಲಭಕ್ಕೆ ಒಪ್ಪುವವನಲ್ಲ. ಶಬ್ದ ಬಂತಲ್ಲ, ಬೇರೆಯವರೂ ಕೇಳಿದರಲ್ಲ ಎಂದ. ಅದೇ ಹುರಿ ಹರಿದ ಶಬ್ದ ಎಂದರು ಡಾಕ್ಟರು. ಪಾದ ಆಡುತ್ತದಲ್ಲ, ಹರಿದಿದ್ದರೆ ಹೇಗೆ ಆಡುತ್ತಿತ್ತು ಎಂದ. ಕಾಲ ಗಿಣ್ಣಿನ ಹತ್ತಿರ, ಹರಡಿನ ಮೂಳೆಯ ಹಿಂದೆ, ಬೆರಳುಗಳಿಗೆ ಹೋಗುವ ಸಣ್ಣ ಹುರಿಗಳಿವೆ, ಅವು ಪಾದವನ್ನು ಆಡಿಸಬಲ್ಲವು, ಆಳನ್ನು ಎತ್ತಲಾರವು. ಅದಕ್ಕೇ ನಿಮ್ಮ ಮೂಳೆ ಕಟ್ಟುವವನು ಮೋಸಹೋದದ್ದು, ನಮ್ಮಲ್ಲೂ ಎಷ್ಟೋ ಡಾಕ್ಟರುಗಳು ಮೋಸಹೋಗುತ್ತಾರೆ ಎಂದರು. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು. ಬರಿಗಾಲಲ್ಲಿದ್ದಿರಲ್ಲ, ಏಟು ಬಿದ್ದಿದ್ದರೆ ಚರ್ಮ ಹರಿಯಬೇಕಿತ್ತು, ರಕ್ತ ಬಂದಿತ್ತೇ?

ಮುನಿವೆಂಕಟಪ್ಪ ಎತ್ತಿದ್ದ ತಲೆಯನ್ನು ಬೆಂಚಿಗೆ ಇಳಿಸಿದ. ಆಮೇಲೆ, "ಇಲ್ಲ. ಒಂದು ತರಚಿದ ಗಾಯಾನೂ ಇರಲಿಲ್ಲ," ಎಂದ.

ತಾವು ನೋಡಿದ ಒಬ್ಬ ಅಮಲ್ದಾರರ ಕಥೆಯನ್ನೂ ಡಾಕ್ಟರು ಹೇಳಿದರು. ಬ್ಯಾಡ್ಮಿಂಟನ್ ಆಡುವಾಗ ಹೀಗೇ ಆಗಿ, ಯಾವನೋ ಅದು ಬ್ಯಾಟಲ್ಲಿ ಹೊಡೆದವನು ಎಂದು ಗದರುತ್ತ ಹಿಂದೆ ತಿರುಗಿದರಂತೆ. ಹಿಂದೆ ಬರೀ ಗೋಡೆ ಇತ್ತಂತೆ. ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮುನಿವೆಂಕಟಪ್ಪ ಎದ್ದು ಕೂತು, ಅಷ್ಟು ವಾರಗಳಲ್ಲಿ ಮೊದಲನೇ ಸಲ ತಂಗಿಯ ಮುಖ ನೋಡಿದ.

ಲಿಂಗಮ್ಮ ಮೆಟ್ಟಿಲ ಮೇಲೆ ಕೂತಳು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ಮೈಯೆಲ್ಲ ಹಗುರವಾಗಿ, ಹೊತ್ತಿದ್ದ ಹೊರೆ ಇಳಿಸಿದ ಮೇಲೆ ಕುತ್ತಿಗೆ ತಾನಾಗಿ ಮೇಲೇಳುತ್ತದಲ್ಲ, ಹಾಗಾಯಿತು. ಗಿರಿಜಾದೇವಿ ತಂದುಕೊಟ್ಟ ಕಾಫಿಯನ್ನು ಕುಡಿದಳೋ ಬಿಟ್ಟಳೋ ಅವಳಿಗೆ ನೆನಪಿಲ್ಲ. ಉಳಿದ ಮನೆಗಳಿಗೆ ಹಾಲು ಹಾಕುವುದನ್ನೂ ಮರೆತು, ತುಳುಕುವ ಕ್ಯಾನು ಹೊತ್ತುಕೊಂಡೇ ಊರಿನ ದಾರಿ ಹಿಡಿದಳು.

ಕೃಷ್ಣಪ್ಪ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ. ಅವಳು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಹುರಿ, ಏತ, ಅಮಲ್ದಾರರು, ಗೋಡೆ, ಎಲ್ಲ ಹಿಂದುಮುಂದಾಗಿ. ಅವನು ಹುಲ್ಲಿನ ಕಂತೆ ಹಿಡಿದುಕೊಂಡೇ ಕೇಳಿಸಿಕೊಂಡ. ಕೇಳಿದ್ದು ಒಂದೇ ಮಾತು.

"ಕಾಲು ಸರಿಹೋಯ್ತದಂತಾ?"

ಆಪರೇಷನ್ ಮಾಡಿ ಹುರಿ ಕೂಡಿಸುತ್ತಾರಂತೆ, ತಡವಾಗಿದೆ, ಆದರೂ ಆಗುತ್ತದೆ ಎಂದಿದ್ದಾರೆ ಎಂದಳು. ಅವನು ಕಂತೆಯನ್ನು ಕೆಳಗೆ ಹಾಕಿ ಗೊಂತಿಗೆ ಒರಗಿ ಕೂತ. ಲಿಂಗಮ್ಮನೂ ಎದುರಿಗೆ ಕೂತಳು.

"ನಾನೂ ಅನುಮಾನಪಟ್ಟಿದ್ದೆ ಕಣಪ್ಪ," ಎಂದಳು.

"ಗೊತ್ತು. ನೀನು ಹಾರೆ ನೋಡೋದು ನೋಡ್ತಿದ್ದೆ."

"ಮತ್ತೆ ಆಣೆ ಮಾಡಿದ್ರೆ ಏನಾಗ್ತಿತ್ತು? ಅವತ್ತೇ ಮುಗೀತಿತ್ತಲ್ಲ."

ಕೃಷ್ಣಪ್ಪ ಕೈಗೆ ಅಂಟಿದ ಹುಲ್ಲಿನ ಎಸಳು ಬಿಡಿಸುತ್ತ ಹೇಳಿದ. "ನನಗೇ ಖಾತ್ರಿ ಇರಲಿಲ್ಲ ಲಿಂಗಿ. ಹೊಡೀಲಿಲ್ಲ ಅನ್ನೋದು ಗೊತ್ತು. ಆದ್ರೆ ಕೆಸರಲ್ಲಿ ಕಾಲು ಜಾರ್ತಿತ್ತು, ಕೈಯಲ್ಲಿ ಹಾರೆ ಇತ್ತು. ಆ ಶಬ್ದ ನಾನೂ ಕೇಳಿದೆ. ಎಲ್ಲೋ ತಗಲಿಬಿಡ್ತೇನೋ, ನನ್ನ ಸಿಟ್ಟೇ ಕೈ ತಪ್ಪಿಸ್ತೇನೋ ಅಂತ ಯೋಚನೆ ಮಾಡಿ ಮಾಡಿ ತಲೆ ಕೆಟ್ಟೋಗಿತ್ತು. ದೇವರ ಮುಂದೆ ನಿಂತು ಏನಂತ ಹೇಳ್ಲಿ?"

ಅವನ ಕಣ್ಣು ಒದ್ದೆಯಾಗಿತ್ತು. ಮದುವೆಯಾದ ಮೇಲೆ ಅವಳು ಅದನ್ನು ನೋಡಿದ್ದು ಅದೇ ಮೊದಲು. ತಾನೊಬ್ಬಳೇ ಉರಿಯಲ್ಲಿ ಬೇಯುತ್ತಿದ್ದೇನೆ ಎಂದುಕೊಂಡಿದ್ದಳು. ಪಕ್ಕದಲ್ಲೇ ಇವನು ಇನ್ನೂ ಹೆಚ್ಚು ಬೆಂದಿದ್ದ. ಅವಳು ಎದ್ದು ಕ್ಯಾನಿನಲ್ಲಿ ಉಳಿದಿದ್ದ ಹಾಲನ್ನೆಲ್ಲ ಕಾಯಿಸಿ, ಬೆಲ್ಲ ಹಾಕಿ ದೊಡ್ಡ ಲೋಟದಲ್ಲಿ ತಂದುಕೊಟ್ಟಳು. ಇಬ್ಬರೂ ಆ ಕೊಟ್ಟಿಗೆಯಲ್ಲೇ ಕೂತು ಕುಡಿದರು.

ಮುನಿವೆಂಕಟಪ್ಪನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗೆ ಅರಿವಿಲ್ಲದಂತೆ ಮಾಡಿ, ಹಿಮ್ಮಡಿಯ ಮೇಲೆ ಕೊಯ್ದು, ದೂರ ದೂರ ಸರಿದುಹೋಗಿದ್ದ ಹುರಿಯ ಎರಡು ತುದಿಗಳನ್ನು ಹುಡುಕಿ, ಅವನ ತೊಡೆಯಿಂದಲೇ ತೆಗೆದ ಗಟ್ಟಿ ಪೊರೆಯ ಒಂದು ಪಟ್ಟಿಯಿಂದ ಸೇರಿಸಿ ಹೊಲಿದರು. ಪಾದದ ಮೊನೆ ಕೆಳಕ್ಕಿರುವಂತೆ ಬಾಗಿಸಿ ತೊಡೆಯ ತನಕ ಪ್ಲಾಸ್ಟರ್ ಹಾಕಿದರು. ಹುರಿ ಸಡಿಲವಾಗಿದ್ದರೇ ಬೆಸೆದುಕೊಳ್ಳುವುದು, ಬಿಗಿದರೆ ಮತ್ತೆ ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು.

ಕೃಷ್ಣಪ್ಪ ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡಿದ. ಕರೆಯದೆ ಹೇಗೆ ಹೋಗುವುದು ಎಂದ. ಲಿಂಗಮ್ಮ ಮುದ್ದೆ, ಬಸ್ಸಾರು ಕಟ್ಟಿ ಅವನ ಕೈಗೆ ಕೊಟ್ಟು, ಬುತ್ತಿಯನ್ನಾದರೂ ಮುಟ್ಟಿಸಿ ಬಾ ಎಂದು ತಾನೂ ಜೊತೆಗೆ ಹೊರಟಳು. ವಾರ್ಡಿನಲ್ಲಿ ಮುನಿವೆಂಕಟಪ್ಪ ಬಿಳಿ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಭಾವನನ್ನು ನೋಡಿ ಏಳಲು ಹೋದ, ಆಗಲಿಲ್ಲ. ಕೃಷ್ಣಪ್ಪ ಬುತ್ತಿಯನ್ನು ಮಂಚದ ಪಕ್ಕದಲ್ಲಿಟ್ಟು ಕಾಲ ಕಡೆ ನಿಂತ. ಇಬ್ಬರೂ ಪ್ಲಾಸ್ಟರನ್ನೇ ನೋಡಿದರು.

"ತಿರುಗಿ ನೋಡ್ದಾಗ ನೀನೇ ಕಂಡೆ ಭಾವ," ಎಂದ ಮುನಿವೆಂಕಟಪ್ಪ.

"ನನ್ನ ಗಾಡಿ ಹಿಂದೆ ನಾನಲ್ದೆ ಇನ್ಯಾರು ಇರ್ತಾರೆ," ಎಂದ ಕೃಷ್ಣಪ್ಪ.

ಪಕ್ಕದ ಮಂಚದವನು ಯಾಕೆ ಇವರಿಬ್ಬರೂ ನಗುತ್ತಿದ್ದಾರೆ ಎಂದು ಎದ್ದು ನೋಡಿದ. ನಗುತ್ತ ನಗುತ್ತ ಮುನಿವೆಂಕಟಪ್ಪ ಭಾವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಲಿಂಗಮ್ಮ ಅವರ ಪಾಡಿಗೆ ಅವರನ್ನು ಬಿಟ್ಟು, ನೀರು ತರುವ ನೆಪದಲ್ಲಿ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅಲ್ಲಿ ಬಂತು ಆ ಅಳು. ದಾರಿಯಲ್ಲಿ ಹೋಗುತ್ತಿದ್ದ ನರ್ಸಮ್ಮ ಯಾರಾದರೂ ತೀರಿಕೊಂಡರೇನಮ್ಮ ಎಂದು ಕೇಳಿದ್ದಕ್ಕೆ, ಇಲ್ಲ ತಾಯಿ, ಎಲ್ಲರೂ ಚೆನ್ನಾಗಿದ್ದಾರೆ ಎಂದಳು.

ಕಾಲು ಮಾತ್ರ ಅವಸರ ಮಾಡಲಿಲ್ಲ. ಪ್ಲಾಸ್ಟರ್ ಬಿಚ್ಚಿ, ಪಾದವನ್ನು ಸ್ವಲ್ಪ ಮೇಲೆ ತಂದು ಮತ್ತೆ ಹಾಕಿದರು. ಅದನ್ನೂ ಬಿಚ್ಚಿದಾಗ ಮೀನಖಂಡ ಒಣಗಿದ ಸೋರೆಕಾಯಿಯಂತೆ ಬತ್ತಿಹೋಗಿತ್ತು. ಮುನಿವೆಂಕಟಪ್ಪ ಅದನ್ನು ನೋಡಿ ಹೆದರಿದ. ಕೆಲಸ ಕೊಟ್ಟರೆ ತುಂಬಿಕೊಳ್ಳುತ್ತದೆ ಎಂದರು ಚನ್ನವೀರಪ್ಪನವರು. ಹಿಮ್ಮಡಿಯ ಕಡೆ ಎತ್ತರವಾಗಿರುವ ಚಪ್ಪಲಿ ಹೊಲಿಸಿಕೊಳ್ಳಲು ಹೇಳಿದರು. ಹಿಮ್ಮಡಿ ಎತ್ತರದಲ್ಲಿದ್ದರೆ ಹುರಿಗೆ ಎಳೆತ ಕಡಿಮೆ. ಕಾಲು ಗಟ್ಟಿಯಾದಂತೆಲ್ಲ ಅಟ್ಟೆಯನ್ನು ಒಂದೊಂದು ಪದರ ಕೀಳುತ್ತ ಬರಬೇಕು. ಅಲ್ಲಿಯವರೆಗೂ ಚಪ್ಪಲಿಯನ್ನೇ ಮೆಟ್ಟದಿದ್ದ ಮುನಿವೆಂಕಟಪ್ಪ ಆ ಎತ್ತರದ ಚಪ್ಪಲಿಯಲ್ಲಿ ಊರಿನೊಳಗೆ ಓಡಾಡಿದ್ದು ಸುಂಕದಕಟ್ಟೆಯವರಿಗೆ ಒಂದು ಮೋಜು. ಅವನು ಬೇಸರಪಡಲಿಲ್ಲ. ಅರಳಿಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ತನ್ನ ಗಾಯದ ಗೆರೆ ತೋರಿಸಿ, ಹುರಿ ಹೇಗೆ ಹರಿಯಿತೆಂದು ಹೇಳುತ್ತಿದ್ದ. ತಿಮ್ಮಯ್ಯನವರ ಮುಂದೆಯೂ ತಾನಾಗಿ ಹೋಗಿ, ನನ್ನ ಭಾವ ಹೊಡೆದಿಲ್ಲ, ನನ್ನ ತಪ್ಪು ತಿಳಿವಳಿಕೆ ಎಂದು ಎಲ್ಲರೂ ಕೇಳುವಂತೆ ಹೇಳಿದ. ತಿಮ್ಮಯ್ಯ ಕೃಷ್ಣಪ್ಪನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಎಲೆಅಡಿಕೆ ಕೊಟ್ಟರು.

ಮೊದಲಿನ ಬಲ ಪೂರ್ತಿ ಬರಲಿಲ್ಲ. ದಿಬ್ಬ ಹತ್ತುವಾಗ ಎಡಗಾಲು ಸ್ವಲ್ಪ ಹಿಂದೆ ಉಳಿಯುತ್ತಿತ್ತು. ಕಲ್ಲಿನ ಗಾಡಿ ಹೊಡೆಯುವ ಕೆಲಸವನ್ನು ಅವನು ಬಿಟ್ಟ. ಆದರೆ ಕೋಲು ಬೇಕಾಗಲಿಲ್ಲ. ಹೊಲದಲ್ಲಿ ನೇಗಿಲ ಹಿಂದೆ ನಡೆದ, ಸೀತಾಳ ಮನೆಗೆ ಕೆಂಗೇರಿಗೆ ನಡೆದೇ ಹೋಗಿ ಬಂದ. ಲಿಂಗಮ್ಮನ ಹಿರಿಮಗನಿಗೆ ಮಾಗಡಿ ಕಡೆಯಿಂದ ಒಳ್ಳೆಯ ಹೆಣ್ಣು ಸಿಕ್ಕಿತು. ಆ ಮದುವೆಯಲ್ಲಿ ಚಪ್ಪರದ ಕೆಲಸ, ಊಟದ ಪಂಕ್ತಿ ಎಲ್ಲವನ್ನೂ ಮುನಿವೆಂಕಟಪ್ಪನೇ ನಿಂತು ನೋಡಿಕೊಂಡ.

ಆ ಮದುವೆಯ ನಂತರದ ಸಂಕ್ರಾಂತಿಯ ಮಾರನೆಯ ದಿನ ಅಣ್ಣ ಅತ್ತಿಗೆ ಹೆಗ್ಗನಹಳ್ಳಿಗೆ ಊಟಕ್ಕೆ ಬಂದಿದ್ದರು. ಲಿಂಗಮ್ಮ ಒಲೆಯ ಮೇಲೆ ಅವರೆಕಾಳಿನ ಸಾರು ಇಟ್ಟಿದ್ದಳು. ಜಗಲಿಯ ಮೇಲೆ ಗಂಡಸರಿಬ್ಬರ ದನಿ ಏರುತ್ತಿರುವುದು ಕೇಳಿಸಿತು. ಹೊಸದಾಗಿ ಕೊಂಡ ಹೋರಿಯ ಸುಳಿ ಒಳ್ಳೆಯದೋ ಕೆಟ್ಟದ್ದೋ ಎಂದು ವಾದ. ನಿನಗೆ ದನದ ವಿಷಯ ಏನು ಗೊತ್ತು ಎಂದು ಒಬ್ಬ, ನಿಮ್ಮಪ್ಪನ ಕಾಲದಿಂದ ನಿಮ್ಮ ಮನೆಯಲ್ಲಿ ಒಂದು ನೆಟ್ಟಗಿನ ಎತ್ತು ಕಟ್ಟಿದ್ದೀರಾ ಎಂದು ಇನ್ನೊಬ್ಬ. ಚಿಕ್ಕಲಕ್ಷ್ಮಮ್ಮ ಗಾಬರಿಯಿಂದ ನಾದಿನಿಯ ಮುಖ ನೋಡಿ, ಹೋಗಿ ಬಿಡಿಸೋಣವೇ ಎಂದಳು.

ಲಿಂಗಮ್ಮ ಸೌಟಿನಿಂದ ಒಂದು ಕಾಳು ತೆಗೆದು ಬೆಂದಿದೆಯೇ ಎಂದು ಹಿಸುಕಿ ನೋಡಿ, "ಜಗಳ ಆಡ್ಲಿ ಬಿಡು ಅತ್ತಿಗೆ," ಎಂದು ಉಪ್ಪಿನ ಮರಿಗೆಗೆ ಕೈ ಚಾಚಿದಳು.